ಹಿಮ ಕರಗಿದರೆ ಕೆರೆ ತುಂಬಬೇಕಲ್ವಾ, ಬತ್ತುವುದು ಹೇಗೆ?

"ಉತ್ತರ ಧ್ರುವದ ಕಡೆ ಹಿಮ ಕರಗ್ತಿದೆ ಅಂತಾರೆ, ಹಾಗಿದ್ರೆ ಅಲ್ಲಿ ಸಿಹಿನೀರು ಜಾಸ್ತಿ ಆಗಬೇಕಲ್ವಾ? ಕೆರೆಗಳು ಮಾಯ ಆಗ್ತಿವೆ ಅನ್ನೋದು ಹೇಗೆ?" ಅಂತ ಕೇಳಿದ್ದೀರಿ. ಆ ಕಡೆಗೆ ನಾನು ಹೋದವನಲ್ಲ. ಆದರೆ ಅಂತರ್ಜಲ ನನ್ನ ಕೆಲಸ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಂಗುತ್ತದೆ ಅಂತ ನೋಡುವುದೇ ದಿನದ ಪಾಡು.

ಕೆರೆ ಅಂದ ಕೂಡಲೇ ಎಲ್ಲರೂ ನೀರನ್ನು ನೋಡುತ್ತಾರೆ. ನೋಡಬೇಕಾದ್ದು ತಳವನ್ನು. ನಮ್ಮೂರ ಕೆರೆಯಲ್ಲಿ ಹೂಳೆತ್ತುವ ನೆಪದಲ್ಲಿ ತಳದ ಜೇಡಿಮಣ್ಣನ್ನೂ ಕೆರೆದು ಸಾಗಿಸಿದರು. ಮರುವರ್ಷ ಮಳೆ ಚೆನ್ನಾಗಿಯೇ ಬಂತು, ನೀರು ಮಾತ್ರ ನಿಲ್ಲಲಿಲ್ಲ.

ಸೈಬೀರಿಯಾ, ಅಲಾಸ್ಕಾದಲ್ಲಿ ಆ ಜೇಡಿಮಣ್ಣಿನ ಕೆಲಸವನ್ನು ಪರ್ಮಾಫ್ರಾಸ್ಟ್ ಮಾಡುತ್ತದೆ. ಅಂದರೆ ಬೇಸಿಗೆಯಲ್ಲೂ ಕರಗದೆ, ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ನೆಲ. ಅಲ್ಲಿ ಮಳೆ, ಹಿಮ ಬೀಳುವುದು ಕಡಿಮೆಯೇ. ಆದರೂ ಲಕ್ಷಗಟ್ಟಲೆ ಕೆರೆಗಳಿವೆ, ಏಕೆಂದರೆ ಬಿದ್ದ ನೀರಿಗೆ ಕೆಳಗಿಳಿಯಲು ದಾರಿಯಿಲ್ಲ.

ಈಗ ಬಿಸಿ ಏರಿತು ಅನ್ನಿ. ಮೊದಲಿಗೆ ನೀವು ಹೇಳಿದಂತೆಯೇ ಆಗುತ್ತದೆ. ನೆಲದೊಳಗಿನ ಮಂಜುಗಡ್ಡೆ ಕರಗುತ್ತದೆ, ನೆಲ ಕುಸಿಯುತ್ತದೆ, ಕೆರೆ ಅಗಲವಾಗುತ್ತದೆ. ಕರಗುವುದು ಅಲ್ಲಿಗೇ ನಿಲ್ಲದಿದ್ದರೆ ಒಂದು ದಿನ ತಳವೇ ತೂತು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೈಬೀರಿಯಾದ ಹತ್ತು ಸಾವಿರಕ್ಕೂ ಹೆಚ್ಚು ದೊಡ್ಡ ಕೆರೆಗಳನ್ನು ನೋಡಿತು. 1973ರ ಉಪಗ್ರಹ ಚಿತ್ರಗಳನ್ನೂ 1997-98ರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟರೆ, ದೊಡ್ಡ ಕೆರೆಗಳ ಸಂಖ್ಯೆ ಶೇ 11ರಷ್ಟು ಇಳಿದಿತ್ತು. 125 ಕೆರೆಗಳು ಪೂರ್ತಿ ಖಾಲಿ. ಆದರೆ ತಳ ಇನ್ನೂ ಗಟ್ಟಿಯಿದ್ದ ಕಡೆ ಕೆರೆಗಳ ವಿಸ್ತೀರ್ಣ ಶೇ 12ರಷ್ಟು ಹೆಚ್ಚಿತ್ತು! ಹಾಗಾಗಿ ನಿಮ್ಮ ಲೆಕ್ಕ ತಪ್ಪಲ್ಲ, ಅರ್ಧ ದಾರಿಯವರೆಗೆ ಸರಿ.

ಕೆಲವು ಕಡೆ ಕೆರೆಯ ಏರಿಯೂ ಮಂಜಿನದೇ. ಕೆನಡಾದ ಎಲ್ಸ್‌ಮೀರ್ ದ್ವೀಪದಲ್ಲಿ ಡಿಸ್ರೇಲಿ ಅನ್ನುವ ಕಡಲ ಚಾಚು ಇದೆ. ಅದರ ಬಾಯಿಗೆ ವಾರ್ಡ್ ಹಂಟ್ ಹಿಮದ ಹಾಸು ಅಡ್ಡ ನಿಂತಿತ್ತು. ಆ ಹಾಸಿನ ಹಿಂಬದಿಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ತೇಲುತ್ತಿತ್ತು, ಒಂದು ಕಾಲಕ್ಕೆ 43 ಮೀಟರ್ ಆಳ. 2000-2002ರ ನಡುವೆ ಹಾಸು ಸೀಳಿತು. ಸಿಹಿನೀರು ಹೆಚ್ಚುಕಮ್ಮಿ ಪೂರ್ತಿ ಸಮುದ್ರಪಾಲು.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಅಲಾಸ್ಕಾದ ಬ್ರೂಕ್ಸ್ ಬೆಟ್ಟಸಾಲು. ಅಲ್ಲಿ ನೀರಿಗೇನೂ ಬರವಿಲ್ಲ. ಆದರೆ ಕನ್ನಡಿಯಂತಿದ್ದ ಹೊಳೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿವೆ. 2024ರಲ್ಲಿ ಬಂದ ಅಧ್ಯಯನ ಇಂಥ 75 ಹೊಳೆಗಳನ್ನು ಪಟ್ಟಿ ಮಾಡಿದೆ. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಕಲ್ಲಿನಲ್ಲಿ ಗಂಧಕ ಬೆರೆತ ಖನಿಜಗಳಿವೆ. ಈಗ ಅವಕ್ಕೆ ನೀರು, ಗಾಳಿ ತಾಗುತ್ತಿದೆ. ಆಮ್ಲ ಹುಟ್ಟುತ್ತದೆ, ಅದು ಕಬ್ಬಿಣವನ್ನೂ ಬೇರೆ ಲೋಹಗಳನ್ನೂ ಕರಗಿಸಿ ಹೊಳೆಗೆ ತರುತ್ತದೆ. ಕಿತ್ತಳೆ ಬಣ್ಣ ಆ ಕಬ್ಬಿಣದ ತುಕ್ಕಿನದು. ಒಂದು ತೊರೆಯಲ್ಲಂತೂ ಮೀನುಗಳೇ ಇಲ್ಲವಾಗಿವೆ.

ಗಣಿಯಿಂದ ಇಂಥ ನೀರು ಬಂದರೆ ಒಡ್ಡು ಕಟ್ಟಿ, ಸುಣ್ಣ ಸುರಿದು ಹುಳಿ ಇಳಿಸುತ್ತಾರೆ. ಇಲ್ಲಿ ಗಣಿಯೇ ಇಲ್ಲ, ಬೆಟ್ಟದ ಮೈಯೇ ಅಲ್ಲಲ್ಲಿ ಒಸರುತ್ತಿದೆ.