ಅಶ್ಲೀಲಕ್ಕೂ ಶೀಲಕ್ಕೂ ನೆಂಟಸ್ತನವಿಲ್ಲ

ಚಿತ್ರದುರ್ಗದ ಓದುಗರೊಬ್ಬರ ಪತ್ರ: 'ಕಳೆದ ಸಂಚಿಕೆಯ ಗಾದೆ ಪುಟದಲ್ಲಿ "ಅಂಡು ಸುಟ್ಟ ಬೆಕ್ಕಿನ ಹಾಗೆ" ಎಂದು ಅಚ್ಚಾಗಿದೆ. ಮಕ್ಕಳೂ ಓದುವ ಪತ್ರಿಕೆಗೆ ಇಂಥ ಅಶ್ಲೀಲ ಬೇಕೆ? "ಪೃಷ್ಠ" ಎನ್ನಬಹುದಿತ್ತು. ಶೀಲವಿಲ್ಲದ್ದೇ ಅಶ್ಲೀಲವಲ್ಲವೆ? ಪದದ ಮೂಲ, ಸಮಾನಪದ ತಿಳಿಸಿ.'

ಮಕ್ಕಳ ಮಾತು ಒಪ್ಪಿದೆ. ಪತ್ರಿಕೆ ನಡುಮನೆಯಲ್ಲೇ ಬಿದ್ದಿರುತ್ತದೆ. ಆದರೆ ಸ್ವಾಮಿ, 'ಪೃಷ್ಠ ಸುಟ್ಟ ಮಾರ್ಜಾಲ'ಕ್ಕೆ ಯಾವ ಮಗು ನಕ್ಕೀತು?

ಮೊದಲು ಮೂಲ. ಶೀಲದ ಹಿಂದೆ ಅಕಾರ ಹಚ್ಚಿದರೆ 'ಅಶೀಲ'ವಾದೀತು. ಶಕಾರಕ್ಕೆ ಲಕಾರದ ಒತ್ತು ಎಲ್ಲಿಂದ ಬರಬೇಕು? ಇದರ ಬೇರು 'ಶ್ರೀ'. ಋಗ್ವೇದದ ಆರನೆಯ ಮಂಡಲದಲ್ಲಿ, ಹಸುಗಳು ಕಳೆಗೆಟ್ಟವನನ್ನೂ ಚೆಲುವನಾಗಿಸುತ್ತವೆ ಎನ್ನುವಲ್ಲಿ, 'ಅಶ್ರೀರ' ಎಂಬ ರೂಪವಿದೆ. ರಕಾರ ಲಕಾರವಾದದ್ದು ಅಶ್ಲೀಲ. ಅಂದರೆ ಕಳೆಯಿಲ್ಲದ್ದು, ಅಷ್ಟೇ. ನಡತೆಯ ಮಾತು ಆಮೇಲೆ ಅಂಟಿಕೊಂಡಿತು.

ಕಾವ್ಯದ ಗುಣದೋಷ ಎಣಿಸುವ ಆಲಂಕಾರಿಕರು ಅಶ್ಲೀಲವನ್ನು ಮೂರು ಬಗೆ ಮಾಡಿದರು: ನಾಚಿಕೆ ತರುವುದು, ಹೇಸಿಗೆ ತರುವುದು, ಅಮಂಗಳ ಸೂಚಿಸುವುದು. 11ನೇ ಶತಮಾನದ ಕಾಶ್ಮೀರದ ಮಮ್ಮಟ ಕೊಡುವ ಉದಾಹರಣೆಗಳು ಸಾಧನ, ವಾಯು, ವಿನಾಶ. ಮೂರೂ ದಿನಬಳಕೆಯ ಪದಗಳು! ಎರಡನೆಯ ಅರ್ಥ (ಕ್ರಮವಾಗಿ ಗಂಡಿನ ಗುಪ್ತಾಂಗ, ಹೂಸು, ಸಾವು) ಇಣುಕುವ ಜಾಗದಲ್ಲಿ ಬಂದರೆ ಮಾತ್ರ ದೋಷ. ಸಂಧಿಯಿಂದಲೂ ಅಶ್ಲೀಲ ಹುಟ್ಟುತ್ತದೆಂದು ಎಚ್ಚರಿಸಿದ್ದಾರೆ. ಸಾಲಿನ ಕೊನೆಯಲ್ಲಿ ಪದ ತುಂಡಾದಾಗ ಕರಡು ತಿದ್ದುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೂರನೆಯ ಬಗೆಯನ್ನಂತೂ ನಮ್ಮ ಮನೆಗಳು ಇಂದಿಗೂ ಪಾಲಿಸುತ್ತವೆ: ಹೊರಡುವವರು 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನುತ್ತಾರೆ.

ನಿಮ್ಮ ಆಕ್ಷೇಪಕ್ಕೆ ಅಮರಕೋಶದ ಬೆಂಬಲವಿದೆ. ಅದು ಗ್ರಾಮ್ಯವನ್ನೂ ಅಶ್ಲೀಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಹಳ್ಳಿಯ ಮಾತೆಲ್ಲ ಹೊಲಸು ಎಂಬ ಪೇಟೆಯ ಠೇಂಕಾರ ಅಷ್ಟು ಹಳೆಯದು. ಆಲಂಕಾರಿಕರಾದ ವಾಮನ, ಮಮ್ಮಟರು ಮಾತ್ರ ಇವೆರಡನ್ನೂ ಬೇರೆಬೇರೆ ದೋಷವಾಗಿ ಎಣಿಸಿದರು. ಗ್ರಾಮ್ಯಕ್ಕೆ ಮಮ್ಮಟ ಕೊಟ್ಟ ಪದ ಯಾವುದು ಗೊತ್ತೆ? 'ಕಟಿ'. ಅವನಿಗೆ ಒರಟಾದ ಆ ಸೊಂಟವನ್ನು ಹಿಡಿದೇ ಇಂದು ನಮ್ಮ ಮಂತ್ರಿಗಳು ಅಭಿವೃದ್ಧಿಗೆ 'ಕಟಿಬದ್ಧ'ರಾಗುತ್ತಾರೆ!

ಸಮಾನಪದಗಳೆಂದು ಕೋಶಗಳು ಕೊಡುವವು ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಅಸಭ್ಯ ಸಭೆಗೆ ಒಗ್ಗದ್ದು; ಅದೇ ಮಾತು ಜಗಲಿಯಲ್ಲಿ ನಡೆದೀತು. ಅವಾಚ್ಯ ಬಾಯಲ್ಲಿ ಆಡಬಾರದ್ದು. ಹೊಲಸು, ಕೊಳಕು ಹೇಸಿಗೆಯ ಕಡೆಯವು. ಪೋಲಿ ಮಾತಿನಲ್ಲಿ ತುಂಟತನವಿದೆ, ಕೇಳಿದವರು ನಗುವುದೂ ಉಂಟು. ಅಂಡು ಬರೀ ಗ್ರಾಮ್ಯ. ಬೈಗುಳ, ಒರಟು ಮಾತು ಇದ್ದ ಮಾತ್ರಕ್ಕೆ ಅಶ್ಲೀಲವಾಗದು ಎಂದು ಸುಪ್ರೀಂ ಕೋರ್ಟೇ 2024ರ ಮಾರ್ಚ್‌ನಲ್ಲಿ, ಒಂದು ವೆಬ್ ಸರಣಿಯ ಮೊಕದ್ದಮೆಯಲ್ಲಿ ಹೇಳಿದೆ.

ನೀವು ಸಿಟ್ಟಾಗಬೇಕಾದ್ದು 'ಅವಾಚ್ಯ ಶಬ್ದಗಳಿಂದ ನಿಂದಿಸಿ' ಎಂಬ ಸವೆದ ಸಾಲಿನ ಮೇಲೆ. ಪೊಲೀಸ್ ದೂರಿನಿಂದ ನೇರ ಪತ್ರಿಕೆಗೆ ಇಳಿಯುವ ಈ ಸಾಲಿನಲ್ಲಿ ತಾಯಿಯನ್ನು ಎಳೆದು ಬೈದದ್ದೂ ಒಂದೇ, ಜಾತಿ ಹಿಡಿದು ಬೈದದ್ದೂ ಒಂದೇ. ಬಹಿರಂಗ ಜಾಗದಲ್ಲಿ ಅಶ್ಲೀಲ ಮಾತಾಡಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ, ಮೂರು ತಿಂಗಳವರೆಗೆ ಸಜೆ. ಪರಿಶಿಷ್ಟರನ್ನು ಜಾತಿ ಹೆಸರಿಂದ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ, ಆರು ತಿಂಗಳಿಂದ ಐದು ವರ್ಷ. ಬೈಗುಳವನ್ನು ಅಚ್ಚು ಹಾಕುವುದು ಬೇಡ. 'ಜಾತಿ ಹಿಡಿದು ಬೈದ' ಎಂದು ಬರೆಯಲು ವರದಿಗಾರರಿಗೆ ಏನು ಅಡ್ಡಿ?