ಮರುಭೂಮಿಯ ಮದುವೆಗೆ ಸಾಕ್ಷಿ ಯಾರು?

(ಹೆಸರು, ಉದ್ಯೋಗ, ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ.)

ನಾನು ಆಪ್ತಸಲಹೆಗಾರ್ತಿ. ನನ್ನ ಬಳಿ ಬರುವ ಮೊದಲು ಅನು ಮತ್ತು ರವಿ ಫೋನಿನಲ್ಲೇ ಹೇಳಿಬಿಟ್ಟಿದ್ದರು: ಮದುವೆಯ ಪ್ಲಾನ್ ಎಲ್ಲ ಆಗಿದೆ ಮೇಡಂ, ಮನೆಯವರಿಗೆ ಹೇಗೆ ಹೇಳೋದು ಅನ್ನೋದೊಂದೇ ಬಾಕಿ. ಒಂದು ಸಲ ಕೂತು ಮಾತಾಡಿದರೆ ಸಾಕು. ಇಬ್ಬರಿಗೂ ಮೂವತ್ತು ದಾಟಿದೆ. ಸ್ವಂತ ದುಡಿಮೆಯಿದೆ. ಕೆಲವು ವರ್ಷಗಳಿಂದ ಒಟ್ಟಿಗಿದ್ದಾರೆ. ಮದುವೆ ಆಗಬೇಕೋ ಬೇಡವೋ ಎಂಬ ಗೊಂದಲ ಅವರಲ್ಲಿ ಇರಲಿಲ್ಲ.

ಅವರು ಆರಿಸಿಕೊಂಡಿದ್ದ ಜಾಗ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನ. ಮೊಜಾವೆ ಮತ್ತು ಕೊಲೊರಾಡೊ ಎಂಬ ಎರಡು ಮರುಭೂಮಿಗಳು ಕೂಡುವ ಜಾಗ ಅದು. ದೊಡ್ಡ ದೊಡ್ಡ ಬಂಡೆಗಳು, ಎಲೆಯೆಲ್ಲ ತುದಿಗೆ ಬಂದು ನಿಂತಂತೆ ಕಾಣುವ ವಿಚಿತ್ರ ಮರಗಳು. ಯಾರನ್ನೂ ಕರೆಯದೆ, ಇಬ್ಬರೇ ಹೋಗಿ ಮದುವೆಯಾಗುವವರಿಗೆ ಈಚೆಗೆ ತುಂಬ ಇಷ್ಟವಾಗಿರುವ ಜಾಗ. ಮದುವೆಯ ದಿನ ಸಂಜೆ ಫೋಟೋ ಹಾಕಿದರೆ ಎಲ್ಲರಿಗೂ ಒಂದೇ ಸಲ ತಿಳಿಯುತ್ತೆ ಎಂಬುದು ಅವರ ಯೋಚನೆ.

ಇಂಥ ಕಡೆ ನಾನು ಮೊದಲು ಕೇಳುವುದು ಒಂದೇ: ಹೇಳಿದರೆ ನಿಮಗೆ ಅಪಾಯ ಇದೆಯಾ? ಯಾರಾದರೂ ಹೊಡೆಯಬಹುದಾ, ಕೂಡಿ ಹಾಕಬಹುದಾ, ಪಾಸ್‌ಪೋರ್ಟ್ ಕಿತ್ತುಕೊಳ್ಳಬಹುದಾ? ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಇಲ್ಲ ಎಂದರು. ಬೇಜಾರಾಗುತ್ತಾರೆ, ಅಳುತ್ತಾರೆ, ಮಾತು ಬಿಡುತ್ತಾರೆ, ಅಷ್ಟೇ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪಾಯ ಇರುವವರಿಗೆ ಮುಂದೆ ಬರುವ ಸಲಹೆ ಅಲ್ಲವೇ ಅಲ್ಲ. ಅವರು ಮೊದಲು ಸುರಕ್ಷಿತವಾಗಿ ಇರಬೇಕು, ಹೇಳುವುದೆಲ್ಲ ಆಮೇಲೆ.

ಪಟ್ಟಿಯಲ್ಲಿ ಇದ್ದದ್ದು

ರವಿ ಲ್ಯಾಪ್‌ಟಾಪ್ ತೆರೆದು ತಮ್ಮ ಪಟ್ಟಿ ತೋರಿಸಿದ. ಚೆನ್ನಾಗಿತ್ತು, ಸುಮ್ನೆ ಹೊಗಳುತ್ತಿಲ್ಲ. ಬೇಸಿಗೆಯಲ್ಲಿ ಅಲ್ಲಿ 38 ಡಿಗ್ರಿ ದಾಟುತ್ತದೆ ಎಂದು ನವೆಂಬರ್ ಆರಿಸಿದ್ದರು. ವಾರದ ಕೊನೆಯಲ್ಲಿ ಜನ ಜಾಸ್ತಿ ಎಂದು ಮಂಗಳವಾರ ಇಟ್ಟುಕೊಂಡಿದ್ದರು. ಎಷ್ಟೇ ಸಣ್ಣ ಮದುವೆಯಾದರೂ ಉದ್ಯಾನದಿಂದ ವಿಶೇಷ ಪರ್ಮಿಟ್ ಬೇಕು ಎಂಬುದು ಗೊತ್ತಿತ್ತು. ಅಕ್ಕಿ, ಹೂವಿನ ಎಸಳು ಎರಚುವಂತಿಲ್ಲ, ಮರಕ್ಕೆ ಬಂಡೆಗೆ ಏನೂ ಕಟ್ಟುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ ಎಂದೂ ಬರೆದುಕೊಂಡಿದ್ದರು. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರು. ಉದ್ಯಾನದೊಳಗೆ ಹೆಚ್ಚಿನ ಕಡೆ ಕುಡಿಯುವ ನೀರೂ ಸಿಗದು, ಫೋನ್ ಸಿಗ್ನಲ್ಲೂ ಸಿಗದು. ಅದಕ್ಕೇ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ಒಂದು ಬಾಚಣಿಗೆ ಕೂಡ ಇತ್ತು. ಯಾಕೆ ಎಂದು ಕೇಳಿದೆ. ಅಲ್ಲಿನ ಚೋಯಾ ಎಂಬ ಕಳ್ಳಿಯ ತುಂಡು ಬಟ್ಟೆಗೆ ತಾಗಿದರೆ ಸಾಕು, ಕಿತ್ತು ಬಂದು ಅಂಟಿಕೊಳ್ಳುತ್ತದಂತೆ. ಕೈಯಲ್ಲಿ ಬಿಡಿಸಲು ಹೋದರೆ ಕೈಗೂ ಮುಳ್ಳು. ಬಾಚಣಿಗೆ ಹಾಕಿ ಎತ್ತಿ ಎಸೆಯಬೇಕು. ನೆಲಕ್ಕೆ ಎಳೆಯುವ ಲಂಗ ಉಡುವವಳಿಗೆ ಇದು ದೊಡ್ಡ ವಿಷಯ.

ಆ ಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆ ಇತ್ತು. "ಸಾಕ್ಷಿ: ಫೋಟೋಗ್ರಾಫರ್?"

ಕ್ಯಾಲಿಫೋರ್ನಿಯಾದ ಸಾಮಾನ್ಯ ಮದುವೆ ಲೈಸೆನ್ಸ್ ತೀರಾ ಸರಳ. ಸಾಮಾನ್ಯವಾಗಿ ಇಬ್ಬರೂ ಖುದ್ದಾಗಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಗೆ ಹೋಗಬೇಕು. ಅಲ್ಲಿನ ನಿವಾಸಿಗಳೇ ಆಗಿರಬೇಕೆಂದಿಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ 90 ದಿನದೊಳಗೆ ಮದುವೆ ಆಗಬೇಕು. ನಡೆಸಿಕೊಡಲು ಅಧಿಕಾರ ಇರುವ ಒಬ್ಬರು ಬೇಕು. ಅವರು ಸಹಿಯಾದ ಕಾಗದವನ್ನು 10 ದಿನದೊಳಗೆ ಕೌಂಟಿಗೆ ತಲುಪಿಸಬೇಕು. ಕನಿಷ್ಠ ಒಬ್ಬ ಸಾಕ್ಷಿ ಬೇಕು. ಅಷ್ಟೇ. ಉಳಿದದ್ದಕ್ಕೆಲ್ಲ ಉತ್ತರ ಬರೆದವರು ಈ ಸಾಲಿಗೆ ಬಂದಾಗ ಯಾಕೆ ನಿಂತರು?

"ಅದು ಫಾರ್ಮಾಲಿಟಿ ಮೇಡಂ. ಯಾರಾದರೂ ಸಹಿ ಹಾಕಿದರೆ ಆಯ್ತು" ಎಂದಳು ಅನು. ರವಿ ಏನೂ ಹೇಳಲಿಲ್ಲ.

ಇಬ್ಬರ ಕಾರಣ ಒಂದೇ ಅಲ್ಲ

ಅನುವಿನ ಅಪ್ಪ-ಅಮ್ಮ ಅವಳು ಶಾಲೆಯಲ್ಲಿರುವಾಗಲೇ ಬೇರೆಯಾದವರು. ಇವತ್ತಿಗೂ ಒಂದೇ ಕೋಣೆಯಲ್ಲಿ ನಿಲ್ಲುವುದಿಲ್ಲ. ಅಕ್ಕನ ಮದುವೆಯಲ್ಲಿ ಅಪ್ಪ ಬರುತ್ತಾರೆಂದು ಅಮ್ಮ, ಅಮ್ಮ ಮುಂದೆ ಕೂರುತ್ತಾಳೆಂದು ಅಪ್ಪ, ಇಬ್ಬರೂ ಕೊನೆಯ ದಿನದವರೆಗೆ ಅಕ್ಕನನ್ನು ಅಳಿಸಿದ್ದರು. ಆ ಮದುವೆಯಲ್ಲಿ ಅನು ಏನು ತಿಂದಳು, ಏನು ಉಟ್ಟಳು ಅವಳಿಗೆ ನೆನಪಿಲ್ಲ. ಇಡೀ ದಿನ ಇಬ್ಬರ ನಡುವೆ ಓಡಾಡಿದ್ದು ನೆನಪಿದೆ. "ಮರುಭೂಮಿಯಲ್ಲಿ ಕುರ್ಚಿಯೇ ಇರಲ್ಲ. ಯಾರನ್ನ ಎಲ್ಲಿ ಕೂರಿಸೋದು ಅನ್ನೋ ಪ್ರಶ್ನೆನೇ ಬರಲ್ಲ ಅಲ್ವಾ?" ಎಂದಳು. ನಗುತ್ತಾ ಹೇಳಿದಳು, ಆದರೆ ಇದು ಅವಳಿಗೆ ತಮಾಷೆಯ ಮಾತಾಗಿರಲಿಲ್ಲ.

ರವಿಯ ಕಥೆ ಬೇರೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನೇ ಬೆಳೆಸಿದ್ದು. ಅಮ್ಮನ ಮೇಲೆ ಅವನಿಗೆ ಯಾವ ದೂರೂ ಇಲ್ಲ. ದೊಡ್ಡ ಗುಂಪು ಅವನಿಗೆ ಆಗುವುದಿಲ್ಲ ನಿಜ, ಆದರೆ ಅಮ್ಮ ಗುಂಪಲ್ಲ. ಅನುವಿಗೆ ನೋವಾಗಬಾರದೆಂದು "ಯಾರೂ ಬೇಡ" ಎಂಬುದಕ್ಕೆ ಅವನು ಹೂಂ ಎಂದಿದ್ದ. ಒಬ್ಬನೇ ಇದ್ದಾಗ ಕೇಳಿದೆ: "ಮದುವೆ ಮುಗಿಯಿತು. ಮೊದಲ ಫೋನ್ ಯಾರಿಗೆ?" ತಡ ಮಾಡಲಿಲ್ಲ, ಅಮ್ಮನಿಗೆ ಎಂದ. ಆಮೇಲೆ ಅಲ್ಲಿ ಸಿಗ್ನಲ್ ಇಲ್ಲ ಎಂಬುದು ನೆನಪಾಗಿ ತಾನೇ ನಕ್ಕ.

ಇದನ್ನು ಅನುವಿನ ಮುಂದೆ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎಂದೆ. ಹೇಳಿದ. ಅನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನಮ್ಮ ಬಂದರೆ ನನ್ನಮ್ಮನಿಗೆ ಏನು ಹೇಳಲಿ?" ಎಂದು ಕೇಳಿದಳು. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ನನಗೆ ಆ ಹೊತ್ತಿಗೆ ಸಮಾಧಾನವಾಯಿತು. ನಿಜವಾದ ಪ್ರಶ್ನೆ ಇದೇ. ಇಷ್ಟು ದಿನ ಇಬ್ಬರೂ ಸೇರಿ ಅದನ್ನು ಹವಾಮಾನದ ಕೆಳಗೆ, ಪರ್ಮಿಟ್ ಕೆಳಗೆ ಮುಚ್ಚಿಟ್ಟಿದ್ದರು.

ಮರುಭೂಮಿಯ ಹೆಸರು ಹೇಳಬೇಡಿ

ಮನೆಯವರಿಗೆ ಏನು ಹೇಳಬೇಕೆಂದು ಅವರೊಂದು ಮಾತು ತಯಾರು ಮಾಡಿಕೊಂಡಿದ್ದರು. ಪರ್ಮಿಟ್‌ನಲ್ಲಿ ಜಾಸ್ತಿ ಜನಕ್ಕೆ ಅವಕಾಶ ಇಲ್ಲ. ಅಮ್ಮನಿಗೆ ಬಿಸಿಲು ತಡೆಯಲ್ಲ, ಬಿಪಿ ಮಾತ್ರೆ ಬೇರೆ ತಗೋತಾರೆ. ಕೇಳಲು ನಯವಾಗಿದೆ, ಯಾರ ಮನಸ್ಸೂ ನೋಯುವುದಿಲ್ಲ.

ನಾನು ಒಪ್ಪಲಿಲ್ಲ. ಮೊದಲನೆಯದಾಗಿ, ಇವು ನಿಲ್ಲುವ ಮಾತಲ್ಲ. ಮದುವೆಗೆಂದು ಉದ್ಯಾನ ಗೊತ್ತುಮಾಡಿದ ಜಾಗಗಳಿವೆ. ಒಂದೊಂದಕ್ಕೂ ಜನರ ಮಿತಿಯಿದೆ, ಆದರೆ ಅದು ಇಬ್ಬರಿಗಿಂತ ಎಷ್ಟೋ ಹೆಚ್ಚು. ಮನೆಯಲ್ಲಿ ಯಾರಾದರೂ ಒಬ್ಬರು ಫೋನ್ ತೆಗೆದು ಹುಡುಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಿಸಿಲಿನ ಮಾತೂ ಹಾಗೆಯೇ. ದೇಹದ ನೀರಿನಂಶ ಹೊರಹಾಕುವ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಿರುಬಿಸಿಲು ನಿಜಕ್ಕೂ ಅಪಾಯ. ಜುಲೈನಲ್ಲಿ ಮದುವೆ ಎಂದಿದ್ದರೆ ಆ ತಾಯಿಯನ್ನು ಕರೆದುಕೊಂಡು ಹೋಗಬೇಡಿ ಎಂದು ನಾನೇ ಹೇಳುತ್ತಿದ್ದೆ. ಆದರೆ ಇವರು ಇಟ್ಟುಕೊಂಡದ್ದು ನವೆಂಬರ್. ಆಗ ಹಗಲು ಹಿತವಾಗಿರುತ್ತದೆ, ರಾತ್ರಿ ಚಳಿ. ಒಣ ಗಾಳಿ, ಮೋಡವಿಲ್ಲದ ಆಕಾಶ, ಸೂರ್ಯ ಇಳಿದ ಕೂಡಲೇ ನೆಲದ ಶಾಖ ಆರಿಹೋಗುತ್ತದೆ. ತಾಯಿಗೆ ಅಲ್ಲಿ ಬೇಕಾಗುವುದು ಒಂದು ದಪ್ಪ ಸ್ವೆಟರ್.

ಎರಡನೆಯದು ಇನ್ನೂ ಮುಖ್ಯ. ನೆಪ ಹೇಳಿದರೆ ಎದುರಿನವರು ಆ ನೆಪಕ್ಕೆ ಪರಿಹಾರ ಹುಡುಕುತ್ತಾರೆ. ಬಿಸಿಲು ಅಂದರೆ ಬೆಳಗಿನ ಜಾವ ಇಟ್ಟುಕೊಳ್ಳಿ ಎನ್ನುತ್ತಾರೆ. ಪರ್ಮಿಟ್ ಅಂದರೆ ಬೇರೆ ಮರುಭೂಮಿ ನೋಡಿ ಎನ್ನುತ್ತಾರೆ. ಪರಿಹಾರ ತಂದಾಗಲೂ ನೀವು ಬೇಡ ಎಂದರೆ ಎರಡು ಪಟ್ಟು ನೋವು. ಕರೆಯಲಿಲ್ಲ ಅನ್ನೋದು ಒಂದು, ಸುಳ್ಳು ಹೇಳಿದರು ಅನ್ನೋದು ಇನ್ನೊಂದು.

ಹಾಗಾಗಿ ಹೇಳಬೇಕಾದ್ದು ಹೀಗೆ: "ನಾವು ನವೆಂಬರಿನಲ್ಲಿ ಮದುವೆ ಆಗುತ್ತಿದ್ದೇವೆ. ಆ ಹೊತ್ತಿಗೆ ನಾವಿಬ್ಬರೇ ಇರಬೇಕೆಂದು ತೀರ್ಮಾನ ಮಾಡಿದ್ದೇವೆ. ನಿಮಗೆ ಬೇಜಾರಾಗುತ್ತೆ ಅಂತ ಗೊತ್ತು. ಅದಕ್ಕೇ ಮೊದಲೇ ನಮ್ಮ ಬಾಯಿಂದ ಹೇಳುತ್ತಿದ್ದೇವೆ." ಇದರಲ್ಲಿ ಅನುಮತಿ ಕೇಳುವ ಮಾತಿಲ್ಲ. ಕೇಳುವ ಉದ್ದೇಶ ಇಲ್ಲದಿದ್ದಾಗ ಕೇಳಿದಂತೆ ನಟಿಸುವುದು ಬೇಡ. ಜಗಳ ಎದ್ದರೆ ಹೊಸ ಕಾರಣ ಕೊಡಬೇಡಿ, ಇದೇ ಮಾತನ್ನು ಮತ್ತೆ ಹೇಳಿ. ಅಳುವವರನ್ನು ಅಳಲು ಬಿಡಿ.

ಫೋಟೋ ಹಾಕಿ ತಿಳಿಸುವುದಂತೂ ಖಂಡಿತ ಬೇಡ ಎಂದೆ. ತಾಯಿಯೊಬ್ಬಳಿಗೆ ಮಗನ ಮದುವೆ ಗೊತ್ತಾಗುವುದು ಪಕ್ಕದ ಮನೆಯವರಿಗೆ ಗೊತ್ತಾಗುವ ಹೊತ್ತಿಗೇ ಆದರೆ, ಮದುವೆಗೆ ಕರೆಯದ್ದನ್ನು ಅವಳು ಒಂದು ದಿನ ಮರೆಯಬಹುದು, ಇದನ್ನು ಮರೆಯುವುದಿಲ್ಲ. ಎಲ್ಲರಿಗೂ ಒಂದೇ ದಿನ ಹೇಳಿ. ರವಿಯ ಅಮ್ಮನಿಗೆ ಮೊದಲು, ಎದುರು ಕೂತು. ಅನುವಿನ ಅಪ್ಪ-ಅಮ್ಮನಿಗೆ ಅಕ್ಷರ ಬದಲಾಗದಂತೆ ಒಂದೇ ಮಾತು. ಅವರಿಬ್ಬರೂ ಆಮೇಲೆ ತಾಳೆ ನೋಡುವವರು.

ಆ ಒಂದು ಸಾಲು

ಇನ್ನು ಸಾಕ್ಷಿ. ಫೋಟೋಗ್ರಾಫರ್ ಸಹಿ ಹಾಕುವುದರಲ್ಲಿ ತಪ್ಪೇನಿಲ್ಲ, ಎಷ್ಟೋ ಜೋಡಿಗಳು ಹಾಗೇ ಮಾಡುತ್ತಾರೆ. ಆದರೆ ನಾಳೆ ಆ ಕಾಗದ ನೋಡಿದಾಗ ಯಾರ ಹೆಸರು ಇರಬೇಕು ಎಂದು ಇಬ್ಬರೂ ಬೇರೆ ಬೇರೆ ಬರೆದುಕೊಂಡು ಬನ್ನಿ ಎಂದೆ. ರವಿ ಅಮ್ಮನ ಹೆಸರು ಬರೆಯುತ್ತಾನೆ ಅಂದುಕೊಂಡಿದ್ದೆ. ಅವನು ಬರೆದದ್ದು ಅನುವಿನ ಅಕ್ಕನ ಹೆಸರು. ಅನು ಬರೆದದ್ದೂ ಅದೇ.

ರವಿ ಕಾರಣವನ್ನೂ ಹೇಳಿದ. ಅಮ್ಮ ಅಲ್ಲಿ ಇರಬೇಕು ಅನ್ನೋದಕ್ಕಿಂತ ಅಮ್ಮನಿಗೆ ಕದ್ದು ಮಾಡಿದೆ ಅನ್ನೋದೇ ಚುಚ್ಚುತ್ತಿತ್ತಂತೆ. ಮೊದಲೇ ಹೇಳುವುದು ಎಂದು ಆದ ಮೇಲೆ ಅವನಿಗೆ ಹಗುರವಾಯಿತು. ನಾನು ಒಂದು ಸಲಕ್ಕೆ ಒಪ್ಪಲಿಲ್ಲ. ಮತ್ತೆ ಅನುವನ್ನು ಉಳಿಸಲು ಹೊರಟಿದ್ದೀರಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದ. ನಿಧಾನವಾಗಿ ಯೋಚಿಸಿ ಎಂದು ಕಳಿಸಿದೆ. ಮುಂದಿನ ಸಲವೂ ಅದೇ ಉತ್ತರ ಬಂತು.

ಅಕ್ಕನ ಬಗ್ಗೆ ನನಗೆ ಬೇರೆ ಚಿಂತೆ ಇತ್ತು. ಇಷ್ಟು ವರ್ಷ ಅಪ್ಪನ ಮಾತನ್ನು ಅಮ್ಮನಿಗೆ, ಅಮ್ಮನ ಮಾತನ್ನು ಅಪ್ಪನಿಗೆ ತಲುಪಿಸಿದವಳು ಅವಳು. ಸಾಕ್ಷಿ ಹಾಕಿದರೆ "ನೀನೂ ಸೇರಿಕೊಂಡೆಯಾ" ಎಂಬ ಬೈಗುಳ ಅವಳಿಗೇ. ಅದಕ್ಕೆ ಅವಳನ್ನು ಕೇಳುವಾಗ ಬೇಡ ಎನ್ನಲು ಜಾಗ ಬಿಟ್ಟು ಕೇಳಿ, ಬೇಡ ಎಂದರೆ ಫೋಟೋಗ್ರಾಫರ್ ಇದ್ದಾರೆ ಎಂದೆ. ಅಕ್ಕ ಒಪ್ಪಿದಳು, ಷರತ್ತು ಹಾಕಿ: "ಅಪ್ಪ-ಅಮ್ಮನಿಗೆ ನೀನೇ ಹೇಳಬೇಕು. ನಾನು ಬರ್ತೀನಿ ಅನ್ನೋದನ್ನೂ ನೀನೇ ಹೇಳು. ನಾನು ಯಾರಿಗೂ ಏನೂ ಹೇಳಲ್ಲ." ನನ್ನ ಹತ್ತಿರ ಅವಳು ಬಂದಿರಲಿಲ್ಲ, ಬಂದಿದ್ದರೂ ಇದಕ್ಕಿಂತ ಒಳ್ಳೆಯ ಮಾತು ನಾನು ಹೇಳಿಕೊಡುತ್ತಿರಲಿಲ್ಲ. ಅಕ್ಕ ಬರುವುದಾದ ಮೇಲೆ "ನಾವಿಬ್ಬರೇ" ಎಂಬ ಮಾತನ್ನೂ ತಿದ್ದಿದೆವು: "ನಾವಿಬ್ಬರು, ಸಾಕ್ಷಿ ಹಾಕಲು ಅಕ್ಕ."

ಆಮೇಲಿನ ಊಟದ ವಿಷಯ ಅನುವೇ ಎತ್ತಿದಳು. ಮನೆಗೆ ಬಂದ ಮೇಲೆ ಎಲ್ಲರಿಗೂ ಊಟ ಕೊಡುತ್ತೇವೆ ಎಂದು ಸೇರಿಸಿದರೆ ಮಾತು ಮೆತ್ತಗಾಗುತ್ತೆ ಅಲ್ವಾ? ಕೊಡುವುದಾದರೆ ಹೇಳಿ, ಮೆತ್ತಗಾಗಲಿ ಎಂದು ಹೇಳಬೇಡಿ ಎಂದೆ. ಕೊಟ್ಟರೂ ಅಪ್ಪನಿಗೊಂದು, ಅಮ್ಮನಿಗೊಂದು. ಮಗಳ ಮದುವೆಯ ನೆಪದಲ್ಲಿ ಅವರಿಬ್ಬರನ್ನು ಒಂದು ಮೇಜಿಗೆ ತರುವ ಕೆಲಸ ಅನುವಿನದ್ದಲ್ಲ.

ಕಾಗದದ ಬಗ್ಗೆಯೂ ಒಂದು ಮಾತು ಹೇಳಿದೆ. ಬೇರೆ ದೇಶಕ್ಕೆ ಹೋಗಿ ಮದುವೆಯಾಗುವವರು ತಮ್ಮ ದೇಶದಲ್ಲಿ ಆ ಮದುವೆಯನ್ನು ಹೇಗೆ ತೋರಿಸಬೇಕು, ಪ್ರಮಾಣಪತ್ರದ ಅಧಿಕೃತ ಪ್ರತಿಗೆ ಅಪೊಸ್ಟಿಲ್ (ಬೇರೆ ದೇಶದಲ್ಲಿ ಕಾಗದ ನಡೆಯಲು ಹಾಕುವ ಸರ್ಕಾರಿ ದೃಢೀಕರಣ) ಬೇಕೇ ಎಂದು ಹೊರಡುವ ಮೊದಲೇ ವಕೀಲರನ್ನು ಕೇಳಿಕೊಳ್ಳಬೇಕು. ಅದು ನನ್ನ ಕೆಲಸವಲ್ಲ, ಆದರೆ ಇಂಥ ಜೋಡಿಗಳು ಇದನ್ನೇ ಮರೆಯುತ್ತಾರೆ. ಇನ್ನೊಂದು, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಸಿಗ್ನಲ್ ಇರುವ ಕಡೆ ಇರುವ ಒಬ್ಬರಿಗೆ ಬರೆದು ಕೊಟ್ಟು ಹೋಗಬೇಕು. ರವಿ ಅದನ್ನು ಅಮ್ಮನಿಗೇ ಕೊಡುತ್ತೇನೆ ಎಂದ. ನನಗೆ ಹಿಡಿಸಿತು.

ಆಮೇಲೆ

ಹೇಳಿದ ದಿನ ಸುಲಭವಾಗಿರಲಿಲ್ಲ. ರವಿಯ ಅಮ್ಮ ತಟ್ಟೆ ಬಿಟ್ಟು ಎದ್ದು ಹೋದರು. ಕೆಲವು ವಾರ ಮಾತು ಬೇಕಾದಷ್ಟಕ್ಕೆ ಮಾತ್ರ. ಅನುವಿನ ಅಮ್ಮ ಮೊದಲು ಕೇಳಿದ್ದು "ನಿಮ್ಮಪ್ಪ ಬರ್ತಾನಾ?" ಎಂದು. ಇಲ್ಲ ಎಂದ ಮೇಲೆ ಅವರ ಸಿಟ್ಟು ಅರ್ಧ ಇಳಿಯಿತಂತೆ. ಅಪ್ಪ ಎಲ್ಲ ಕೇಳಿಸಿಕೊಂಡು ಫೋನ್ ಇಟ್ಟರು. ಅವರಿಂದ ಉತ್ತರ ಬರಲೇ ಇಲ್ಲ.

ಮದುವೆ ಆಯಿತು. ಗಾಳಿ ಜೋರಿತ್ತಂತೆ, ಬಂಡೆಯ ಮರೆಗೆ ಹೋಗಿ ನಿಂತರಂತೆ. ಸೂರ್ಯ ಮುಳುಗುವ ಹೊತ್ತು ನೋಡಿಕೊಂಡಿದ್ದರೂ ಬೆಟ್ಟದ ಹಿಂದೆ ಅದು ಬೇಗ ಮರೆಯಾಗುತ್ತದೆ ಎಂಬುದನ್ನು ಫೋಟೋಗ್ರಾಫರ್ ಮೊದಲೇ ಹೇಳಿ ಒಂದೂವರೆ ಗಂಟೆ ಮುಂಚೆ ಶುರು ಮಾಡಿಸಿದ್ದರು. ಅಕ್ಕ ಸಹಿ ಹಾಕಿದಳು. ಸಿಗ್ನಲ್ ಬಂದ ಕೂಡಲೇ ರವಿ ಕಾರು ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಿದ. ಅವರು ಚೆನ್ನಾಗಿ ಬೈದರಂತೆ, ಹೇಳಿದ ಹೊತ್ತಿಗಿಂತ ತಡವಾಯಿತು ಎಂದು.

ಈಗ ಅನು ಮತ್ತೆ ಬರುತ್ತಿದ್ದಾಳೆ, ಅಪ್ಪನ ವಿಷಯಕ್ಕೆ. ಊಟಕ್ಕೆ ಕರೆದು ಕಾಗದ ಬರೆಯಬೇಕೆಂದಿದ್ದಾಳೆ. ಯಾವುದಾದರೂ ಒಂದು ದಿನ ಬನ್ನಿ ಎಂದು ಬರೆಯಬೇಡಿ, ತಾರೀಕು, ಹೊತ್ತು, ಜಾಗ ಹಾಕಿ ಬರೆಯಿರಿ ಎಂದಿದ್ದೇನೆ. ಬಾರದಿದ್ದರೆ ಏನು ಮಾಡುವುದು ಎಂಬುದನ್ನು ಮುಂದಿನ ವಾರ ಮಾತಾಡಬೇಕು.