ತಪ್ಪು ಮಾಡಲು ಒಂದು ಕೋಣೆ ಬೇಕು

ವಿರಾಜಪೇಟೆ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಬಹಳ ವರ್ಷ ವಾರ್ಡಿನಲ್ಲಿ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿ ದುಡಿದಿದ್ದೇನೆ. ರೋಗಿಗಳ ಬದಲು ಬೊಂಬೆಗಳ ಮೇಲೆ ಚಿಕಿತ್ಸೆಯ ಅಭ್ಯಾಸ ಮಾಡಿಸಲು ಒಂದು ಸಂಸ್ಥೆಯವರು ಹೊಸದಾಗಿ ತೆರೆಯುತ್ತಿರುವ ಸಿಮ್ಯುಲೇಷನ್ ತರಬೇತಿ ಕೇಂದ್ರಕ್ಕೆ ವ್ಯವಸ್ಥಾಪಕಿಯಾಗಿ ಬನ್ನಿ ಎನ್ನುತ್ತಿದ್ದಾರೆ. ಬೊಂಬೆಗೆ ಸೂಜಿ ಚುಚ್ಚುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನಮ್ಮ ಅತ್ತೆಯವರು ಕೇಳುತ್ತಾರೆ. ದುಬಾರಿ ಯಂತ್ರಗಳಿಗೆ ಹಣವಿಲ್ಲ ಎಂದು ಆಡಳಿತದವರು ಮೊದಲೇ ಹೇಳಿಬಿಟ್ಟಿದ್ದಾರೆ. ಹಿರಿಯ ವೈದ್ಯರಂತೂ ಕಿರಿಯರ ಎದುರು ಅಭ್ಯಾಸಕ್ಕೆ ನಿಲ್ಲುವವರಲ್ಲ. ರೋಗಿಗಳನ್ನು ಬಿಟ್ಟು ಈ ಕೆಲಸಕ್ಕೆ ಹೋಗುವುದು ಸರಿಯೇ?"

ಪ್ರಿಯ ಸಹೋದರಿ,

ಹೋಗಿ. ಆದರೆ ಕೆಲವು ಷರತ್ತು ಹಾಕಿ ಹೋಗಿ. ಅವನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಅತ್ತೆಯವರ ಪ್ರಶ್ನೆಗೆ ಮೊದಲು ಉತ್ತರ ಕೊಡೋಣ, ಅದು ಉತ್ತರ ಪಡೆಯಲು ಯೋಗ್ಯವಾದ ಪ್ರಶ್ನೆ. ಉಸಿರು ನಿಂತವರನ್ನು ಉಳಿಸುವ ಅಭ್ಯಾಸಕ್ಕಾಗಿ 1960ರಲ್ಲಿ ಬಂದ ಮೊದಲ ಪ್ರಸಿದ್ಧ ಬೊಂಬೆಯನ್ನು ತಯಾರಿಸಿದವರು ನಾರ್ವೆಯ ಆಸ್ಮುಂಡ್ ಲಾರ್ಡಾಲ್. ಅವರು ನಿಜವಾಗಿಯೂ ಮಕ್ಕಳ ಆಟಿಕೆ ತಯಾರಿಸುತ್ತಿದ್ದವರು. ಹೃದಯ ನಿಂತಾಗ ಎದೆಗೂಡನ್ನು ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಆರೋಗ್ಯವಂತರೊಬ್ಬರನ್ನು ಮಲಗಿಸಿ ಇದನ್ನು ಕಲಿಯಲಾಗದು, ಪಕ್ಕೆಲುಬು ಮುರಿದೀತು. ಕೈಗೆ ಆ ಆಳ ಅಭ್ಯಾಸವಾಗುವುದು ಬೊಂಬೆಯ ಮೇಲೆಯೇ. ಸೇನೆಯಲ್ಲಿದ್ದು ನಿವೃತ್ತರಾದವರು ನಿಮ್ಮ ನೆಂಟರಲ್ಲಿಯೂ ಇರುತ್ತಾರೆ, ಕೊಡಗಿನಲ್ಲಿ ಇಲ್ಲದೆ ಹೋದರೆ ಎಲ್ಲಿ? ಅವರನ್ನು ಅತ್ತೆಯವರ ಮುಂದೆ ಕೂರಿಸಿ ಸ್ಯಾಂಡ್ ಮಾಡೆಲ್ ಬಗ್ಗೆ ಕೇಳಿ. ನೆಲದ ಮೇಲೆ ಮರಳಿನಲ್ಲಿ ಗುಡ್ಡ, ಹೊಳೆ, ದಾರಿ ಮಾಡಿ, ದಾಳಿಯ ಒಂದೊಂದು ಹೆಜ್ಜೆಯನ್ನೂ ಅದರ ಸುತ್ತ ನಿಂತು ಯೋಚಿಸಿದ ಬಳಿಕವೇ ತುಕಡಿ ಹೊರಡುತ್ತದೆ. ಅದನ್ನು ಯಾರೂ ಮರಳಾಟ ಎನ್ನುವುದಿಲ್ಲ.

ಇನ್ನು ಕೆಲಸದ ತಿರುಳು. ಬೊಂಬೆಯನ್ನು ಕಂಪ್ಯೂಟರಿನಿಂದ ನಡೆಸುವುದು ಅದರಲ್ಲಿ ಚಿಕ್ಕ ಭಾಗ. ಅಂಥ ಒಂದು ಅಭ್ಯಾಸವನ್ನು ಒಂದೇ ಕಡೆಯಿಂದ ಕಾಣುವ ಗಾಜಿನ ಈಚೆ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಮಂಚದ ಮೇಲಿದ್ದ ಬೊಂಬೆ ತೋಟದ ಕಾರ್ಮಿಕ. ಕಾಲಿಗೆ ಕೊಳಕುಮಂಡಲ ಕಚ್ಚಿದೆ. ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟ ರಕ್ತ ಹೆಪ್ಪುಗಟ್ಟಿಲ್ಲ ಎಂಬ ಸುದ್ದಿ ಬಂತು, ಅಂದರೆ ವಿಷ ಮೈಗೇರಿದೆ. ಪ್ರತಿವಿಷದ 10 ವಯಲ್‌ಗಳನ್ನು ಸಲೈನಿಗೆ ಬೆರೆಸಿ ಹನಿಸಲು ವೈದ್ಯರು ಹೇಳಿದರು. ಸ್ವಲ್ಪ ಹೊತ್ತಿಗೆ ಬೊಂಬೆಯೊಳಗಿನ ಧ್ವನಿವರ್ಧಕದಿಂದ "ಮೈಯೆಲ್ಲ ತುರಿಕೆ" ಎಂಬ ಮಾತು ಬಂತು, ಮಾನಿಟರಿನಲ್ಲಿ ರಕ್ತದೊತ್ತಡ ಕುಸಿಯತೊಡಗಿತು. ವಿಷವೇ ಏರುತ್ತಿದೆ ಎಂದು ತಿಳಿದ ವೈದ್ಯರು ಹನಿಯ ವೇಗ ಹೆಚ್ಚಿಸಲು ಹೇಳಿದರು. ಆದರೆ ಅದು ಪ್ರತಿವಿಷದಿಂದಲೇ ಆದ ಅಲರ್ಜಿ. ಆಗ ಮಾಡಬೇಕಾದದ್ದು ಪ್ರತಿವಿಷ ನಿಲ್ಲಿಸಿ, ತೊಡೆಯ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಡುವುದು. ಪಕ್ಕದಲ್ಲಿದ್ದ ಕಿರಿಯ ಶುಶ್ರೂಷಕಿಯ ಕೈ ಹನಿ ನಿಲ್ಲಿಸುವ ಕೊಳವೆಯ ಕ್ಲ್ಯಾಂಪಿನವರೆಗೆ ಹೋಗಿ ಹಿಂದಕ್ಕೆ ಬಂತು.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ವೃತ್ತವಾಗಿ ಕುಳಿತರು. ನಡೆಸಿಕೊಟ್ಟವರು "ಯಾಕೆ ಹೇಳಲಿಲ್ಲ?" ಎಂದು ಆಕೆಯನ್ನು ಕೇಳಲಿಲ್ಲ. "ನಿಮ್ಮ ಕೈ ಕ್ಲ್ಯಾಂಪಿನ ಹತ್ತಿರ ಹೋದದ್ದು ಕಂಡಿತು. ಆಗ ಏನು ಯೋಚಿಸುತ್ತಿದ್ದಿರಿ?" ಎಂದರು. "ಔಷಧಿಯ ಅಲರ್ಜಿ ಎನ್ನಿಸಿತು. ಡಾಕ್ಟರಿಗೆ ಗೊತ್ತಿರುತ್ತದೆ ಎಂದುಕೊಂಡೆ." ವೈದ್ಯರು ತಲೆ ಎತ್ತಿ, "ತುರಿಕೆಯ ಮಾತು ನನಗೆ ಕೇಳಿಸಲೇ ಇಲ್ಲ, ನಾನು ಮಾನಿಟರಿನಲ್ಲೇ ಇದ್ದೆ" ಎಂದರು. ಆ ಎರಡು ಮಾತು ಹೊರಬೀಳುವುದಕ್ಕಾಗಿಯೇ ಉಳಿದ ಏರ್ಪಾಡೆಲ್ಲ. ಡಿಬ್ರೀಫಿಂಗ್ ಎಂದು ಕರೆಯುವ ಈ ಮಾತುಕತೆಗೆ ಅಭ್ಯಾಸಕ್ಕಿಂತ ಹೆಚ್ಚು ಸಮಯ ಬೇಕು. ಗಡಿಯಾರ ನೋಡಿ ಅದನ್ನೇ ಮೊಟಕುಗೊಳಿಸುವ ಕೇಂದ್ರಗಳಲ್ಲಿ ಬೊಂಬೆ ಎಷ್ಟು ದುಬಾರಿಯಾದರೂ ಕಲಿಕೆ ನಡೆಯುವುದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಹಿರಿಯ ವೈದ್ಯರ ವಿಷಯಕ್ಕೆ ಬರುತ್ತೇನೆ, ನಿಮ್ಮ ನಿಜವಾದ ಕಷ್ಟ ಅಲ್ಲಿದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಹಾರಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಕ್ಯಾಪ್ಟನ್ ಬಿಟ್ಟಿದೆ ಎಂದರು. ಪ್ರಶ್ನೆ ಅಲ್ಲಿಗೇ ನಿಂತಿತು. ಆ ಕ್ಯಾಪ್ಟನ್ ತಮ್ಮ ಕಂಪನಿಯ ಚಾಲಕರಿಗೆ ತರಬೇತಿ ಕೊಡುತ್ತಿದ್ದ ಹಿರಿಯರು, ಯಾರೂ ಎದುರು ಮಾತನಾಡದಷ್ಟು ಗೌರವ ಗಳಿಸಿದವರು. ಇಂಥ ದುರಂತಗಳ ಬಳಿಕ, 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಮೊದಲುಗೊಂಡು, ಕಿರಿಯರು ಹೇಳುವುದನ್ನೂ ಹಿರಿಯರು ಕೇಳುವುದನ್ನೂ ಅಭ್ಯಾಸ ಮಾಡಿಸುವ ಪದ್ಧತಿ ವಿಮಾನಯಾನದಲ್ಲಿ ಬೆಳೆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಮತ್ತು ಅವರ ಸಂಗಡಿಗರು 1990ರ ಸುಮಾರಿಗೆ ಅದನ್ನು ವೈದ್ಯಕೀಯಕ್ಕೆ ತಂದರು.

ನಿಮ್ಮಲ್ಲಿ ಹೀಗೆ ಶುರು ಮಾಡಿ. ಹಿರಿಯರನ್ನು ನೇರವಾಗಿ ಅಭ್ಯಾಸಕ್ಕೆ ಕರೆಯಬೇಡಿ. ಸನ್ನಿವೇಶ ಬರೆದುಕೊಡಲು ಕರೆಯಿರಿ. ಅವರು ಕಂಡ ಅತಿ ಕಷ್ಟದ ರಾತ್ರಿ ಯಾವುದೆಂದು ಕೇಳಿದರೆ ಹೇಳದ ವೈದ್ಯರಿಲ್ಲ. ಆಮೇಲೆ, ಕಿರಿಯರು ಯಾರೂ ಇಲ್ಲದ ಮುಚ್ಚಿದ ಕೋಣೆಯಲ್ಲಿ, ಹಿರಿಯರಿಗಷ್ಟೇ ಕೆಲವು ಅಭ್ಯಾಸ ನಡೆಸಿ. ಮಿಶ್ರ ತಂಡ ಅದರ ನಂತರ. ಇದಕ್ಕೆ ತಿಂಗಳುಗಳು ಹಿಡಿದರೆ ಹಿಡಿಯಲಿ.

ಹಣದ ಮಾತು. ಹೆರಿಗೆಯ ಬಳಿಕ ಎಷ್ಟು ರಕ್ತ ಹೋಯಿತೆಂದು ಕಣ್ಣಳತೆಯಲ್ಲಿ ಹೇಳುವಾಗ ಅನುಭವಿಗಳೂ ಕಡಿಮೆ ಹೇಳುತ್ತಾರೆ. ಅದು ಎಲ್ಲ ಕಡೆ ಕಂಡುಬಂದ ಸಂಗತಿ. ಅರ್ಧ ಲೀಟರ್ ಬಣ್ಣದ ನೀರನ್ನು ಹಾಸಿಗೆಯ ಬಟ್ಟೆಗೆ ಸುರಿದು ಎಷ್ಟಿದೆ ಎಂದು ತಂಡವನ್ನು ಕೇಳಿ, ಆಮೇಲೆ ಬಟ್ಟೆಯನ್ನು ತೂಗಿ ತೋರಿಸಿ. ಖರ್ಚು ಒಂದು ತಕ್ಕಡಿ. ಹಾಗೆಯೇ ರೋಗಿಯ ಪಾತ್ರಕ್ಕೆ ಮನುಷ್ಯರನ್ನೇ ತಯಾರು ಮಾಡುವ ಪದ್ಧತಿಯನ್ನು ಅಮೆರಿಕದ ವೈದ್ಯ ಹಾವರ್ಡ್ ಬ್ಯಾರೋಸ್ 1963ರಲ್ಲೇ ಆರಂಭಿಸಿದರು. ನಮ್ಮಲ್ಲಿ ನಾಟಕ ಆಡುವವರಿಗೆ ಬರವಿಲ್ಲ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನ ಕಾರ್ಮಿಕರ ಮಾತು: ರೋಗಿ ಹೇಳಿದ್ದು ಅರ್ಥವಾಗದ ಕ್ಷಣ ಕೊಡಗಿನ ಆಸ್ಪತ್ರೆಯಲ್ಲಿ ದಿನನಿತ್ಯ ಬರುತ್ತದೆ. ಯರವ ಭಾಷೆ ಮಾತನಾಡುವ ಒಬ್ಬ ತಾಯಿ "ರೋಗಿ"ಯಾಗಿ ಬಂದು ಕುಳಿತರೆ ಯಾವ ಯಂತ್ರವೂ ಕಲಿಸದ್ದನ್ನು ಕಲಿಸುತ್ತಾರೆ. ಅವರಿಗೆ ತಪ್ಪದೆ ಸಂಭಾವನೆ ಕೊಡಿ.

ಸಿದ್ಧ ಸನ್ನಿವೇಶಗಳನ್ನು ಕಂಪನಿಗಳು ಯಂತ್ರದ ಜೊತೆಗೇ ಕಳುಹಿಸುತ್ತವೆ. ಕೊಡಗಿಗೆ ಬೇಕಾದದ್ದು ಅವುಗಳಲ್ಲಿ ಇರುವುದಿಲ್ಲ. ನಮ್ಮ ದೇಶದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ನಮ್ಮ ತೋಟಗಳಲ್ಲಿ ಗುಳಿಮಂಡಲಗಳೂ ಇವೆ. ಅವು ಕಚ್ಚಿದಾಗ ಇದನ್ನು ಕೊಟ್ಟರೆ ಪ್ರಯೋಜನವಿಲ್ಲದೆ ಅಲರ್ಜಿಯ ಅಪಾಯವಷ್ಟೇ ಉಳಿದೀತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ನೆರಳಿನ ಮರಗಳ ಕೊಂಬೆ ಕಡಿಯುವಾಗ, ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಹೆಜ್ಜೇನು ಕಡಿತಕ್ಕೆ ಒಳಗಾದವರು, ಆನೆ ತುಳಿದವರು, ಇವರೇ ನಿಮ್ಮ ಬೊಂಬೆಗಳಾಗಬೇಕು.

ಉಗ್ರಾಣದ ಕೆಲಸ ಬೇಸರದ್ದು, ಆದರೂ ಅದನ್ನು ಬೇರೆಯವರಿಗೆ ಬಿಟ್ಟುಕೊಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಬೊಂಬೆಯ ಚರ್ಮ ಬಿಟ್ಟೀತೇ? ತೇವ ಹೀರುವ ಯಂತ್ರಕ್ಕೂ ಕರೆಂಟ್ ಹೋದಾಗಿನ ಯುಪಿಎಸ್‌ಗೂ ಬಜೆಟ್ಟಿನಲ್ಲಿ ಮೊದಲೇ ಜಾಗ ಮಾಡಿ. ತರಬೇತಿಯ ಔಷಧಿಗಳ ಮೇಲೆ ದಪ್ಪ ಅಕ್ಷರದ ಚೀಟಿ ಅಂಟಿಸಿ, ಬೇರೆ ಬೀರುವಿನಲ್ಲಿ ಬೀಗ ಹಾಕಿಡಿ. 2014ರಲ್ಲಿ ಅಮೆರಿಕದಲ್ಲಿ ತರಬೇತಿಗೆಂದೇ ತಯಾರಿಸಿದ ಸಲೈನ್ ಚೀಲಗಳು ಚಿಕಿತ್ಸಾಲಯಗಳಿಗೆ ಹೋಗಿ ನಿಜವಾದ ರೋಗಿಗಳ ರಕ್ತನಾಳ ಸೇರಿ, ಹಲವರು ಜ್ವರ, ನಡುಕದಿಂದ ಆಸ್ಪತ್ರೆ ಸೇರಬೇಕಾಯಿತು.

ಕೋಣೆಯಲ್ಲೇ ಕೂರಬೇಡಿ. ವರ್ಷಕ್ಕೆ ಕೆಲವು ಬಾರಿಯಾದರೂ ಬೊಂಬೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದು, ಅಲ್ಲಿನ ಮಂಚದ ಮೇಲೆಯೇ, ಅಲ್ಲಿನ ಸಿಬ್ಬಂದಿಯಿಂದಲೇ ಅಭ್ಯಾಸ ಮಾಡಿಸಿ. ಅಡ್ರಿನಲಿನ್ ಇರುವ ಬೀರುವಿನ ಕೀಲಿ ರಾತ್ರಿ ಪಾಳಿಯಲ್ಲಿ ಯಾರ ಹತ್ತಿರ ಇರುತ್ತದೆ, ಆಮ್ಲಜನಕದ ಸಿಲಿಂಡರಿಗೆ ಸ್ಪ್ಯಾನರ್ ಎಲ್ಲಿದೆ ಎಂಬುದು ಆಗ ಬಯಲಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ಮುಚ್ಚಿದಾಗ ಮಂಗಳೂರಿನ ದಾರಿಯೂ ಇಲ್ಲವಾಯಿತು. ದೊಡ್ಡ ಆಸ್ಪತ್ರೆ ತಲುಪುವವರೆಗಿನ ಗಂಟೆಗಳನ್ನು ಅಭ್ಯಾಸ ಮಾಡದೆ ನಮಗೆ ಗತ್ಯಂತರವಿಲ್ಲ. ಆಂಬುಲೆನ್ಸ್ ಚಾಲಕರನ್ನೂ ಆ ತಂಡದಲ್ಲಿ ಸೇರಿಸಿ. ತಿರುವುಗಳಲ್ಲಿ ಗಾಡಿ ಓಡುತ್ತಿರುವಾಗ ಎದೆ ಒತ್ತುವುದು ಹೇಗಿರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಈಗ ಷರತ್ತುಗಳು. ಅಭ್ಯಾಸದ ವಿಡಿಯೊ ಯಾರ ಬಡ್ತಿಗೂ, ಶಿಸ್ತು ಕ್ರಮಕ್ಕೂ ಬಳಕೆಯಾಗದು ಎಂದು ಆಡಳಿತದವರಿಂದ ಬರವಣಿಗೆಯಲ್ಲಿ ಪಡೆಯಿರಿ. ಒಬ್ಬರ ತಪ್ಪು ಒಮ್ಮೆ ಹೊರಗೆ ಹೋಯಿತೆಂದರೆ ಆ ಕೋಣೆಗೆ ಮತ್ತೆ ಯಾರೂ ಮನಸ್ಸು ಬಿಚ್ಚಿ ಬರುವುದಿಲ್ಲ. ಪರೀಕ್ಷೆ ನಡೆಸಲೇಬೇಕೆಂದರೆ ಅದಕ್ಕೆ ಬೇರೆ ದಿನ, ಬೇರೆ ಪರೀಕ್ಷಕರು ಇರಲಿ. ಅಭ್ಯಾಸಕ್ಕೆ ಬರುವವರ ಹೆಸರನ್ನು ಪಾಳಿಯ ಪಟ್ಟಿಯಿಂದ ಆ ಹೊತ್ತಿಗೆ ತೆಗೆಯಬೇಕು; ರಾತ್ರಿ ಪಾಳಿ ಮುಗಿಸಿದ ಶುಶ್ರೂಷಕಿಯನ್ನು ಎಳೆದುತಂದು ಕೂರಿಸುವುದು ತರಬೇತಿಯಲ್ಲ.

ಕೊನೆಯದು ನಿಮಗಾಗಿ. ವಾರಕ್ಕೊಂದು ಪಾಳಿ ತುರ್ತು ವಿಭಾಗದಲ್ಲಿ ಕೆಲಸ ಮಾಡುವ ಅವಕಾಶವನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಅಲ್ಲಿ ಈ ವಾರ ಎಲ್ಲಿ ಎಡವಿದೆವೋ ಅದೇ ಮುಂದಿನ ವಾರದ ಅಭ್ಯಾಸದ ವಸ್ತು. ರೋಗಿಗಳನ್ನು ಬಿಟ್ಟುಹೋಗುವ ನಿಮ್ಮ ಅಳುಕಿಗೂ ನನ್ನ ಬಳಿ ಇರುವ ಉತ್ತರ ಇದೇ. ಇದಕ್ಕೆ ಅವರು ಒಪ್ಪದಿದ್ದರೆ ಸಹಿ ಹಾಕುವ ಮೊದಲು ನನಗೆ ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ